ಯಾರ ಹೆಸರಲ್ಲೂ ಇಲ್ಲದ ಗುರುತು

ಶವಾಗಾರದ ಕಂಪ್ಯೂಟರು ವಿಂಡೋಸ್. ಅಲ್ಲಿ ಬರೆದದ್ದನ್ನೆಲ್ಲ ಇಟ್ಟುಕೊಳ್ಳುವ ಮೇಲಿನ ಮಹಡಿಯ ಸರ್ವರು ಲಿನಕ್ಸ್. ಒಂದೇ ಸೂರಿನಡಿಯ ಓರಗಿತ್ತಿಯರ ಹಾಗೆ ಇವೆರಡಕ್ಕೂ ನೇರ ಮಾತಿಲ್ಲ. ನಡುವೆ ಓಡಾಡಲು ಒಂದು ಸರ್ವೀಸ್ ಅಕೌಂಟ್ ಇದೆ. ಮನುಷ್ಯನಲ್ಲ, ಸಂಬಳವಿಲ್ಲ, ರಜೆಯಿಲ್ಲ. ಯಾರು ಏನು ಬರೆದರು ಎಂಬುದನ್ನು ಕೆಳಗಿನಿಂದ ಮೇಲಕ್ಕೆ ಹೊರುವುದಷ್ಟೇ ಅದರ ಕೆಲಸ. ಕೆಳಗಿನ ಯಂತ್ರಕ್ಕೆ ಅದು ಒಂದು ಹೆಸರು, ಮೇಲಿನದಕ್ಕೆ ಒಂದು ಸಂಖ್ಯೆ. ಈ ಹೆಸರೇ ಆ ಸಂಖ್ಯೆ ಎಂದು ಹೇಳುವ ಸಾಲೊಂದು ಸರ್ವರಿನಲ್ಲಿರಬೇಕು. ನಿನ್ನೆ ಸರ್ವರು ಬದಲಿಸಿದಾಗ ಆ ಸಾಲು ಬಿಟ್ಟುಹೋಯಿತು.

ಸರ್ವರು ಗಲಾಟೆ ಮಾಡಲಿಲ್ಲ. ಗುರುತು ಸಿಗದವರು ತಂದದ್ದನ್ನು 'ಅನಾಮಿಕ' ಎಂಬ ಖಾತೆಗೆ ಹಾಕಿ ತೆಪ್ಪಗೆ ಕೂತಿತು.

ಇವತ್ತು ಬೆಳಿಗ್ಗೆ ಒಬ್ಬ ಹೆಂಗಸು ತನ್ನ ತಮ್ಮನ ಶವವನ್ನು ಗುರುತಿಸಿದಳು. ವೈದ್ಯರು ಅದನ್ನು ದಾಖಲಿಸಿದರು. ಅದೂ ಅನಾಮಿಕನ ಪಾಲಾಯಿತು. ಮಧ್ಯಾಹ್ನ ಶವ ಬಿಟ್ಟುಕೊಡುವ ಆದೇಶ ಹೊರಡಬೇಕಾದಾಗ ಯಂತ್ರ ಅಡ್ಡ ನಿಂತಿತು: ಗುರುತಿಸಿದ್ದನ್ನು ಬರೆದುಕೊಂಡವರು ಯಾರು?

ಆಸ್ಪತ್ರೆಯ ಪಾಸ್‌ವರ್ಡುಗಳೆಲ್ಲ ಯಾರ ಕೈಯಲ್ಲಿವೆಯೋ ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ಬಿಟ್ಟ ಸಾಲನ್ನು ಅವಳು ಸೇರಿಸಿದಳು. ಇನ್ನು ಮುಂದೆ ಬರೆಯುವುದಕ್ಕೆ ತೊಂದರೆಯಿಲ್ಲ. ಬೆಳಿಗ್ಗೆ ಬರೆದದ್ದು ಮಾತ್ರ ಹಾಗೇ ಉಳಿಯಿತು. ಮೇಲಧಿಕಾರಿಗೆ ಫೋನು ಮಾಡಿದಳು.

"ಇಷ್ಟಕ್ಕೆ ಯಾಕಮ್ಮ ತಲೆ ಕೆಡಿಸ್ಕೊಂಡಿದೀಯ? ಸರ್ವರಿನ ಯಜಮಾನಿಕೆ ನಿನ್ನ ಕೈಲಿದೆ. ಆ ದಾಖಲೇನ ಡಾಕ್ಟರ ಹೆಸರಿಗೆ ಮಾಡು, ಮುಗೀತು."

"ಅದು ಡಾಕ್ಟರ ಹೆಸರಲ್ಲಿ ನಾನು ಹಾಕಿದ ಸಹಿ ಆಗುತ್ತೆ, ಸರ್."

"ಬರೆದವರು ಅವರೇ ತಾನೆ?"

"ಅವರೇ."

"ಮತ್ತೆ? ಇಲ್ಲಾಂದ್ರೆ ಡಾಕ್ಟರು ಹೊಸದಾಗಿ ಬರೀಬೇಕು; ಕಣ್ಣೆದುರು ಗುರುತಿಸದೆ ಬರೆಯೋ ಹಾಗಿಲ್ಲ, ಆಯಮ್ಮನ್ನ ಇನ್ನೊಂದು ಸಲ ಒಳಗೆ ಕರ್ಕೊಂಡು ಹೋಗ್ಬೇಕು. ಲಾರಿಗೆ ಸಿಕ್ಕಿದ ಹುಡುಗ. ಎರಡೆರಡು ಸಲ ನೋಡೋ ಮುಖಾನಾ ಅದು?"

ಬೀಗದಕ್ಕ ಫೋನು ಇಟ್ಟಳು. ನಿಯಮಕ್ಕೆ ಅಂಟಿಕೊಳ್ಳುವುದು ಸುಲಭ; ಅದರ ನೋವು ಹೊರಗೆ ಬೆಂಚಿನ ಮೇಲೆ ಕೂತವಳ ಪಾಲಿಗೆ ಬರುವಾಗ ಅಷ್ಟು ಸುಲಭವಲ್ಲ. ಒಡೆತನ ಬದಲಿಸುವ ಆಜ್ಞೆಯನ್ನು ಟೈಪ್ ಮಾಡಿದಳು. ಎಂಟರ್ ಒತ್ತಲಿಲ್ಲ. ಎದ್ದು ಹೊರಗೆ ಬಂದಳು.

ಬೆಂಚಿನ ಮೇಲೆ ಆ ಹೆಂಗಸು, ಪಕ್ಕದಲ್ಲಿ ಅವಳ ಗಂಡ. ಮೊದಲು ಬಾಯಿ ಬಿಟ್ಟವನು ಅವನೇ.

"ಏನ್ರೀ, ಸತ್ತವರಿಗೂ ಕ್ಯೂನಾ? ಬೆಳಿಗ್ಗೇನೇ ಹೇಳಿದ್ವಲ್ಲ, ಅವನೇ ಅಂತ."

"ನೀವು ಹೇಳಿದ್ರಿ ಅಣ್ಣ. ಅದನ್ನ ಬರ್ಕೊಂಡವರು ಯಾರೂಂತ ನಮ್ಮ ಯಂತ್ರಕ್ಕೆ ತಿಳೀಲಿಲ್ಲ. ತಪ್ಪು ನಮ್ಮದು."

"ಚೆನ್ನಾಗಿದೆ! ನಿಮ್ಮವರ ಗುರುತೇ ನಿಮಗೆ ಸಿಗಲ್ಲ, ನಮ್ಮವರ ಗುರುತು ಹಿಡೀರಿ ಅಂತ ನಮಗೆ ಹೇಳ್ತೀರಿ."

ಮಾತು ಕಹಿಯಾಗಿತ್ತೇ ಹೊರತು ಸುಳ್ಳಾಗಿರಲಿಲ್ಲ. ಬೀಗದಕ್ಕ ಹೆಂಗಸಿನ ಪಕ್ಕದಲ್ಲಿ ಕೂತಳು.

"ಅಕ್ಕ, ನಾನೇ ಒಳಗೆ ಕೂತು ಅದನ್ನ ತಿದ್ದಬಹುದು. ನೀವು ನೋಡೋದೇ ಬೇಡ. ಆದ್ರೆ ಅದು ನೇರವಾದ ಕೆಲಸ ಅಲ್ಲ. ಇಲ್ಲಾ, ಡಾಕ್ಟರ ಮುಂದೆ ನೀವು ಇನ್ನೊಂದು ಸಲ..."

"ಅವಳು ಬರಲ್ಲ," ಎಂದ ಗಂಡ. "ಬೆಳಿಗ್ಗೆ ನಿಂತಿದ್ದೇ ಹೆಚ್ಚು."

ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಬೆಳಿಗ್ಗೆ ನಾನು ಕಣ್ಣು ಮುಚ್ಕೊಂಡಿದ್ದೆ," ಎಂದಳು. "ಇವರು ಹೂಂ ಅಂದ್ರು. ನಾನೂ ಹೂಂ ಅಂದೆ."

ಗಂಡ ಅವಳತ್ತ ತಿರುಗಿದ. "ಅಂಗಿ ಅವನದೇ ಕಣೇ. ಜೇಬಲ್ಲಿದ್ದ ಫೋನೂ ಅವನದೇ."

"ಮುಖ?"

ಅವನು ನೆಲ ನೋಡಿದ.

ಬೀಗದಕ್ಕ ಒಳಗೆ ಹೋಗಿ ಟೈಪ್ ಮಾಡಿದ್ದನ್ನು ಅಳಿಸಿದಳು, ವೈದ್ಯರನ್ನು ಕರೆದಳು. ತಣ್ಣನೆಯ ಕೋಣೆಯಲ್ಲಿ ವೈದ್ಯರು ಬಟ್ಟೆಯನ್ನು ಹಣೆಯಿಂದ ಗದ್ದದವರೆಗೆ ಮಾತ್ರ ಮಡಿಸಿದರು. ಹೆಂಗಸು ಈ ಸಲ ಕಣ್ಣು ಮುಚ್ಚಲಿಲ್ಲ. ಒಂದು ಬದಿಯ ಕೆನ್ನೆ ಇರಲಿಲ್ಲ. ಅದನ್ನು ದಾಟಿ ಅವಳ ನೋಟ ಹುಬ್ಬಿನ ಮೇಲೆ ನಿಂತಿತು.

"ಅವನೇ," ಎಂದಳು. "ನಿದ್ದೇಲೂ ಹೀಗೇ ಹುಬ್ಬು ಗಂಟು ಹಾಕ್ಕೋತಿದ್ದ. ಯಾರ ಮೇಲೆ ಕೋಪಾನೋ, ಪೆದ್ದ."

ವೈದ್ಯರು ಬರೆದರು. ಮೇಲಿನ ಸರ್ವರು ತಂದವರ ಗುರುತು ಹಿಡಿಯಿತು, ಬರೆದವರ ಹೆಸರನ್ನು ಒಪ್ಪಿಕೊಂಡಿತು, ಆದೇಶ ಹೊರಟಿತು. ವೈದ್ಯರು ಬಟ್ಟೆ ಎಳೆಯಲು ಬಂದಾಗ ಹೆಂಗಸು ಅವರ ಕೈ ತಡೆದಳು. ಬಾಗಿಲ ಕಡೆ ತಿರುಗಿ, ಅಲ್ಲೇ ನಿಂತಿದ್ದ ಗಂಡನನ್ನು ಕರೆದಳು.

"ಬನ್ನಿ. ನೀವೂ ನೋಡಿ."