ಸಾಬಕ್ಕಿ ನೆನೆಯದ ಮಂಗಳವಾರ

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮೊದಲ ಪಾಠಗಳು ಮುಗಿದದ್ದೇ ತಡ, ನನ್ನ ಮಗಳು ಯಕ್ಷಿತಾ ಮುಂದೆ ಏನು ಕಲಿಯುವುದೆಂದು ನನ್ನ ತಲೆ ತಿನ್ನತೊಡಗಿದಳು. ಸೋಮವಾರ ವೆಬ್‌ಸೈಟು, ಬುಧವಾರ ಆ್ಯಪು, ಶನಿವಾರ ಎಐ. ಕೊನೆಗೆ ಅಂಧೇರಿಯ ಒಂದು ಕ್ಲಾಸಿನಲ್ಲಿ ಎಐ ಬ್ಯಾಚಿಗೆ ಹೆಸರು ಕೊಟ್ಟು ಬಂದಳು. ಬ್ಯಾಚು ಬೆಳಗಿನದು. ಬೆಳಿಗ್ಗೆ ಫೋರ್ಟ್ ಬಡಾವಣೆಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುವವಳು ಅವಳೇ.

"ಕಲಿತದ್ದು ಎಂತಕ್ಕೆ ಬರ್ತದೆ ಅಂತ ಮೊದಲು ತೋರಿಸು. ಮತ್ತೆ ಮುಂದಿನದ್ದು" ಎಂದೆ.

ಹಟಮಾರಿ ಹುಡುಗಿ. ಹಿಂದಿನ ವ್ಯಾಪಾರ ನೋಡಿ, ನಾಳೆಗೆ ಏನೇನು ಎಷ್ಟು ನೆನೆಹಾಕಬೇಕೆಂದು ಹೇಳುವ ಪ್ರೋಗ್ರಾಂ ಬರೆದಳು. ಮೂರು ವಾರ ಅದು ತಪ್ಪದೆ ನಡೆದರೆ ಬೆಳಿಗ್ಗೆ ಬಿಡುಗಡೆ ಎಂದು ಮಾತು ಕೊಟ್ಟೆ. ನಡೆಯಿತು! ಇಡ್ಲಿ ಹಿಟ್ಟು ಉಳಿಯಲೂ ಇಲ್ಲ, ಕಡಿಮೆ ಬೀಳಲೂ ಇಲ್ಲ. ನನಗೆ ಒಳಗೊಳಗೇ ಹೊಟ್ಟೆ ಉರಿಯಿತು, ಲೆಕ್ಕ ಬರುವ ಅವಳ ಫೋನನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದೆ.

ಮೂರು ವಾರ ತುಂಬಲು ಕೊನೆಯ ಮಂಗಳವಾರವೊಂದು ಬಾಕಿಯಿತ್ತು. ಹಿಂದಿನ ದಿನ ಅಡುಗೆಯ ಸೋಮನಾಥ ವಾಡಿಕೆಯಂತೆ ಗೋಡೆಯ ಕ್ಯಾಲೆಂಡರಿನತ್ತ ಹೊರಟ. ಯಕ್ಷಿತಾ ತಡೆದಳು.

"ಸೋಮಣ್ಣ, ಅದೆಲ್ಲ ಛೋಡೋ. ಮಂಗಳವಾರದ ಲೆಕ್ಕ ಫೋನಲ್ಲಿ ಬಂದಿದೆ."

ಮರುದಿನ ಲೋಕಲ್ ರೈಲು ಇಳಿದು ಬಂದ ಮೊದಲ ಗಿರಾಕಿ, ಬ್ಯಾಂಕಿನ ಶಿಂದೆ, ಕೂತವನೇ ಖಿಚಡಿ ಕೇಳಿದ. ಬಿಸಿ ಇಡ್ಲಿ ಇದೆ ಎಂದೆ. ಅವನು ಕಣ್ಣು ಬಿಟ್ಟ.

"ಕಾಕೀ, ಆಜ್ ಅಂಗಾರಕಿ ಆಹೇ!"

ಥಟ್ಟನೆ ಕ್ಯಾಲೆಂಡರ್ ನೋಡಿದೆ. ಹೌದು, ಅಂಗಾರಕಿ: ಮಂಗಳವಾರವೇ ಬಂದ ಸಂಕಷ್ಟಿ. ಅರ್ಧ ಫೋರ್ಟು ಚಂದ್ರ ಕಾಣುವವರೆಗೆ ಉಪವಾಸ. ಇವತ್ತು ಇಡ್ಲಿ ಯಾರಿಗೆ ಬೇಕು? ಬೇಕಾದದ್ದು ಸಾಬುದಾಣಾ ಖಿಚಡಿ, ಅದಕ್ಕೆ ಸಾಬಕ್ಕಿ ರಾತ್ರಿಯೇ ನೆನೆಯಬೇಕು. ನಮ್ಮ ಮನೆಯಲ್ಲಿ ಸಂಕಷ್ಟಿ ಮಾಡುವ ರೂಢಿಯಿಲ್ಲ, ನೆನಪಿಸುವುದು ಆ ಕ್ಯಾಲೆಂಡರೊಂದೇ. ಸಾಬಕ್ಕಿ ಡಬ್ಬಿಯಲ್ಲಿ ಒಣಗಿ ಕೂತಿತ್ತು.

ಮೇಜುಗಳು ತುಂಬಿದವು, ತುಂಬಿದ ಹಾಗೇ ಖಾಲಿಯಾದವು. ಯಕ್ಷಿತಾ ಪಾತ್ರೆ ಹಿಡಿದು ಪಕ್ಕದ ಹೋಟೆಲಿಗೆ ಓಡಿದಳು, ಬರಿಗೈಲಿ ಬಂದಳು. ಅಂಗಾರಕಿಯ ದಿನ ನೆನೆದ ಸಾಬಕ್ಕಿಯನ್ನು ಯಾರು ಕೊಟ್ಟಾರು? ಸೋಮನಾಥ ಉಪವಾಸಕ್ಕೆ ನಡೆಯುವ ಬಟಾಟೆ ಬೇಯಿಸಿದ. ಕೆಲವರು ನಿಂತರು, ಹೆಚ್ಚಿನವರು ಹೋದರು.

ನನ್ನ ಸಿಟ್ಟು ನೆತ್ತಿಗೇರಿತು. ಗಿರಾಕಿಗಳ ಎದುರೇ ಕೂಗಿದೆ. "ಎಂತ ಕಲಿತದ್ದು ನೀನು? ಕ್ಲಾಸಿನವರಿಗೆ ಫೋನ್ ಮಾಡು, ಬರುವುದಿಲ್ಲ ಅಂತ ಹೇಳು. ಈಗಲೇ!"

ಅವಳ ಮುಖ ಬಿಳಿಚಿತ್ತು. ಫೋನ್ ಹಚ್ಚಿದಳು.

"ಸರ್, ಎಐ ಬ್ಯಾಚ್ ನಹೀ ಚಾಹಿಯೇ." ಎಐ ಬೇಡ ಎಂದಳಲ್ಲ, ನಾನು ಉಸಿರು ಬಿಟ್ಟೆ. ಅವಳು ಫೋನ್ ಇಡಲಿಲ್ಲ. "ಟೆಸ್ಟಿಂಗ್‌ವಾಲೇ ಬ್ಯಾಚ್ ಮೇ ಜಗಹ್ ಹೈ ಕ್ಯಾ?"

ಜಾಗ ಇತ್ತಂತೆ. ನಾಳೆ ಬೆಳಿಗ್ಗೆಯೇ ಶುರುವಂತೆ. ಸಂಜೆಯೊಳಗೆ ಹೇಳಬೇಕಂತೆ.

"ಅದರಲ್ಲಿ ಎಂತ ಉಂಟು?"

"ಅಮ್ಮ, ನನ್ನ ಪ್ರೋಗ್ರಾಂನಲ್ಲಿ ಒಂದೂ ಎರರ್ ಬರ್ಲಿಲ್ಲ. ಮಸ್ತ್ ಓಡಿತು. ಆದ್ರೂ ತಪ್ಪು ಹೇಳಿತು. ಗಿರಾಕಿ ಎದ್ದು ಹೋಗುವ ಮೊದಲು ಆ ತಪ್ಪು ನನಗೆ ಗೊತ್ತಾಗ್ಬೇಕು. ಟೆಸ್ಟಿಂಗ್ ಅಂದ್ರೆ ಅದೇ, ಅದನ್ನು ಕಲೀಬೇಕು. ಎಐ ಬಾದ್ ಮೇ, ಆಮೇಲೆ."

ಮೂರು ವಾರ ತಪ್ಪದೆ ನಡೆಯಲಿಲ್ಲವಲ್ಲ, ಮಾತು ಮಾತೇ, ಬೆಳಿಗ್ಗೆ ಬಿಡುವುದಿಲ್ಲ ಎಂದೆ. "ಗೊತ್ತು" ಎಂದಳು. ಕಣ್ಣು ತುಂಬಿತ್ತು. ನನಗೂ ಸಂಕಟವಾಯಿತು, ಆದರೂ ಬಿಟ್ಟುಕೊಡಲಿಲ್ಲ.

ಮಧ್ಯಾಹ್ನ ನಾಳೆಗೆ ಅಕ್ಕಿ ನೆನೆಹಾಕುವ ಹೊತ್ತು. ಸೋಮನಾಥ ಪೆಚ್ಚಾಗಿ ಯಕ್ಷಿತಾಳ ಫೋನನ್ನು ನನ್ನ ಕೈಗೆ ಕೊಟ್ಟ. "ಅಕ್ಕ, ಇದು ಲೆಕ್ಕವೇ ಹೇಳುವುದಿಲ್ಲ. ಎಂತದೋ ಕೇಳ್ತದೆ."

ನೋಡಿದರೆ, ಯಕ್ಷಿತಾ ಎರಡು ಸಾಲು ಹೊಸದಾಗಿ ಸೇರಿಸಿದ್ದಳು. "ನಾಳೆ ಏನು ವಿಶೇಷ? ಕ್ಯಾಲೆಂಡರ್ ನೋಡಿ ಬರೆಯಿರಿ." ಉತ್ತರ ಬರೆಯದೆ ಅದು ಮುಂದೆ ಹೋಗದು.

ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಬುಧವಾರದ ಚೌಕದಲ್ಲಿ ಹಬ್ಬವಿಲ್ಲ, ಉಪವಾಸವಿಲ್ಲ. ಆ ಫೋನನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದವಳು ಒಂದೊಂದೇ ಅಕ್ಷರ ಒತ್ತಿದೆ: "ಯಕ್ಷಿತಾ ಅಂಧೇರಿಗೆ ಹೋಗುತ್ತಾಳೆ. ಗಲ್ಲಾದಲ್ಲಿ ಅಮ್ಮ."

ಪ್ರೋಗ್ರಾಂಗೆ ಅದು ಅರ್ಥವಾಗಲಿಲ್ಲ, ಎಂದಿನಷ್ಟೇ ಅಕ್ಕಿ ಹೇಳಿತು. ನನ್ನ ಭುಜದ ಮೇಲಿಂದ ಓದುತ್ತಿದ್ದ ಯಕ್ಷಿತಾ ನನ್ನನ್ನು ತಬ್ಬಿಕೊಂಡು ಅತ್ತಳು.