ಎಡಗೈಗೆ ಮಾಡಿಸಿದ ಚಾಕು

ಕೊಡ್ಲಿಪೇಟೆಯ ವಿಶಾಲಾಕ್ಷಮ್ಮನ ಚಾಕುವಿನ ತುದಿ ಮುರಿದದ್ದು ಸೀಮೆಎಣ್ಣೆ ಡಬ್ಬದ ಮುಚ್ಚಳದಲ್ಲಿ. ಮುರಿದವಳು ಪಕ್ಕದ ಮನೆಯ ಓರಗಿತ್ತಿ ಚನ್ನಬಸಮ್ಮ. ಮುರಿದದ್ದಲ್ಲದೆ, "ನಿಮ್ಮ ಚಾಕು ಭಾಳ ಮೆತ್ತಗದೆ ಕಣಕ್ಕಾ" ಎಂದು ದೂರು ಬೇರೆ ಹೇಳಿ ಹೋದಳು. ಅದಕ್ಕೂ ಹಿಂದಿನ ಚಾಕುವಿನಲ್ಲಿ ಅವಳು ಗೋಡೆಯ ಮೊಳೆ ಕಿತ್ತಿದ್ದಳು.

ಮಡಿಕೇರಿಯಲ್ಲೇ ಕೊಡಗಿಗೆ ಸ್ವಂತ ಮಂತ್ರಿಗಳಿದ್ದ ಕಾಲ. ಮಂತ್ರಿಗಳ ಹತ್ತಿರ ಹೇಳಿಕೊಳ್ಳುವ ವಿಷಯವಲ್ಲ. ಏಲಕ್ಕಿ ವ್ಯಾಪಾರಿ ಗಂಡ ಕಲ್ಲೇಶಪ್ಪನಿಗೆ ಹೇಳಿದರೆ, "ತಮ್ಮನ ಹೆಂಡ್ತಿಗೆ ಇಲ್ಲ ಅನ್ನಕ್ಕಾಗ್ತದಾ?" ಎಂದು ಮುಗಿಸಿಬಿಟ್ಟ. ವಿಶಾಲಾಕ್ಷಮ್ಮ ಸೆರಗು ಬಿಗಿದು ಕಮ್ಮಾರ ಸಿದ್ದರಾಜುವಿನ ಕುಲುಮೆಗೆ ಹೋದಳು.

"ಸಣ್ಣ ಚಾಕು ಬೇಕು. ನಾನು ಹೆಚ್ಚಿದ್ರೆ ಹೆಚ್ಚಬೇಕು, ಇನ್ನೊಬ್ರು ಹೆಚ್ಚಿದ್ರೆ ಹೆಚ್ಚಬಾರ್ದು."

"ಚಾಕುಗೆ ಬೀಗ ಹಾಕಕ್ಕಾಗ್ತದೇನವ್ವ?" ಎಂದು ಸಿದ್ದರಾಜು ನಕ್ಕ.

ವಿಶಾಲಾಕ್ಷಮ್ಮ ರಸ್ತೆಯತ್ತ ಒಮ್ಮೆ ನೋಡಿ ಎಡಗೈ ಮುಂದೆ ಚಾಚಿದಳು. ತವರಲ್ಲಿ ಆ ಕೈಗೆ ಬಿದ್ದ ಏಟುಗಳಿಗೆ ಲೆಕ್ಕವಿರಲಿಲ್ಲ. ನಾಲ್ಕು ಜನರ ಎದುರು ಬಲಗೈಯಲ್ಲೇ ಬಡಿಸುತ್ತಿದ್ದಳು, ಬಲಗೈಯಲ್ಲೇ ಈಳಿಗೆಮಣೆಯ ಮುಂದೆ ಒದ್ದಾಡುತ್ತಿದ್ದಳು. ಅಡಿಗೆಮನೆಯ ಬಾಗಿಲು ಮುಚ್ಚಿದ ಮೇಲಷ್ಟೇ ಎಡಗೈಗೆ ಸ್ವಾತಂತ್ರ್ಯ.

ಸಿದ್ದರಾಜುವಿನ ಮುಖ ಅರಳಿತು. "ಹಂಗೆ ಹೇಳಿ! ಚಾಕುನ ನಾನು ಬಲಮಗ್ಗುಲಿಗೆ ಮಾತ್ರ ಸಾಣೆ ಹಿಡಿಯೋದು. ನಿಮ್ದಕ್ಕೆ ಎಡಮಗ್ಗುಲಿಗೆ ಹಿಡಿದ್ರೆ ಆಯ್ತು. ಬಲಗೈಯವ್ರು ಹಿಡಿದ್ರೆ ಕುಡಿದವನಂಗೆ ಓರೆಗೆ ಹೋಗ್ತದೆ."

ಹಿಡಿಯ ಅಳತೆಗೆ ಹಸಿಮಣ್ಣಿನ ಉಂಡೆಯೊಂದನ್ನು ಅವಳ ಮುಷ್ಟಿಯಲ್ಲಿ ಹಿಂಡಿಸಿಕೊಂಡ. ಕೆಟ್ಟುನಿಂತ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯಿಂದ ತುಂಡು ಕತ್ತರಿಸಿ ಬಡಿದ. ಕೆಂಪಗೆ ಕಾಯಿಸಿ ಹೊಂಗೆ ಎಣ್ಣೆಗೆ ಅದ್ದಿದ. ಸಾಣೆ ಹಿಡಿಯುವಾಗ ಕೈ ರೂಢಿಯಂತೆ ಬಲಮಗ್ಗುಲಿಗೇ ಓಡಿತು. ತನ್ನನ್ನೇ ಬೈದುಕೊಂಡು ಇನ್ನೊಂದು ಅಲಗು ಬಡಿದ. ಹಿಡಿಗೆ ಕಿತ್ತುಹಾಕಿದ ಹಳೇ ಕಾಫಿಗಿಡದ ಬೊಡ್ಡೆ. ಮಣ್ಣಿನ ಮೇಲಿದ್ದ ಬೆರಳಿನ ಕುಳಿಗಳನ್ನೆಲ್ಲ ಮರಕ್ಕೆ ಇಳಿಸಿದ. ಅಲಗಿನ ಬಾಲ ಕಾಯಿಸಿ, ಕರಗಿದ ಅರಗು ತುಂಬಿದ ಹಿಡಿಯ ತೂತಿಗೆ ಇಳಿಸಿದ. ಹಿಡಿಯ ಬಾಯಿ ಸೀಳದಂತೆ, ಕೋವಿಯಲ್ಲಿ ಹಾರಿಸಿ ಬಿಸಾಡಿದ ತೋಟಾದ ಹಿತ್ತಾಳೆಯ ಬಳೆ ಬಿಗಿದ.

ವಿಶಾಲಾಕ್ಷಮ್ಮ ಆ ಬಳೆ ಕಂಡು ಕೈ ಹಿಂದೆಳೆದಳು. "ಹಂದಿ ಹೊಡೆದ ತೋಟಾನಾ? ಲಿಂಗ ಕಟ್ಟಿದವಳ ಅಡಿಗೆಮನೆಗೆ?"

"ಅಯ್ಯೋ, ಇಲ್ಲ ಕಣವ್ವ! ಇದನ್ನ ಹಾರಿಸಿದ್ದು ಎಸ್ಟೇಟ್ ಲೆಕ್ಕ ಬರಿಯೋ ರೈಟರು. ಅವ್ರು ಹುಟ್ಟಿದಾಗಿಂದ ಒಂದು ಗುರೀನೂ ಹೊಡೆದಿಲ್ಲ. ಅವ್ರ ತೋಟಾ ಅಂದ್ರೆ ಮಡಿ."

ಅವಳು ಒಪ್ಪಿದಳು.

ಮನೆಗೆ ಬಂದ ಹೊಸ ಚಾಕುವನ್ನು ಮೊದಲು ಕಸಿದುಕೊಂಡವನು ಕಲ್ಲೇಶಪ್ಪ. ಸೌತೆಕಾಯಿ ಹೆಚ್ಚಲು ಕೂತ. ಬಿಲ್ಲೆಗಳು ಒಂದು ಕಡೆ ಕಾಗದದಷ್ಟು, ಇನ್ನೊಂದು ಕಡೆ ಮಣೆಯಷ್ಟು ದಪ್ಪ ಬಂದವು. "ಸಿದ್ದರಾಜು ಟೋಪಿ ಹಾಕಿದ್ದಾನೆ!" ಎಂದು ಕೂಗಾಡಿದ. ವಿಶಾಲಾಕ್ಷಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆನಂದಪಟ್ಟಳು.

ಮರುದಿನ ಚನ್ನಬಸಮ್ಮ ಕೇಳುವ ಮೊದಲೇ, "ಹೊಸದೇ ತಗೊಂಡು ಹೋಗೇ" ಎಂದು ಕೈಗಿತ್ತಳು. ಅವಳು ಬೈದುಕೊಂಡು ಹಿಂದಕ್ಕೆ ತರುವುದನ್ನು ನೋಡಲು ಜಗಲಿಯಲ್ಲೇ ಕೂತಳು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಚಾಕು ಬರಲಿಲ್ಲ. ಕಡೆಗೆ ತಾನೇ ಹಿತ್ತಿಲ ಕಡೆಯಿಂದ ನುಗ್ಗಿದಳು.

ಚನ್ನಬಸಮ್ಮ ಒಲೆಯ ಪಕ್ಕ ಕೂತು ಬಾಳೆಕಾಯಿ ಹೆಚ್ಚುತ್ತಿದ್ದಳು. ಬಿಲ್ಲೆಗಳು ವೀಳ್ಯದೆಲೆಯಷ್ಟು ತೆಳ್ಳಗೆ, ಒಂದೇ ಸಮ. ಹೆಚ್ಚುತ್ತಿದ್ದದ್ದು ಎಡಗೈ.

ಓರಗಿತ್ತಿಯನ್ನು ಕಂಡು ಅವಳು ಚಾಕುವನ್ನು ತಟ್ಟನೆ ಬಲಗೈಗೆ ಬದಲಾಯಿಸಿದಳು. ಅದು ಬಾಳೆಕಾಯಿ ಬಿಟ್ಟು ನೆಲಕ್ಕೆ ಜಾರಿತು.

"ನೀನೂನಾ?" ಎಂದಳು ವಿಶಾಲಾಕ್ಷಮ್ಮ.

"ನೀವೂನಾ ಅಕ್ಕ?" ಚನ್ನಬಸಮ್ಮನ ಕಣ್ಣು ತುಂಬಿತು. "ನಿಮ್ಮ ಹಳೇ ಚಾಕುಗಳು ನನ್ನ ಕೈಲಿ ಹೆಚ್ತಾನೇ ಇರ್ಲಿಲ್ಲ. ಸಿಟ್ಟಿಗೆ ಮೊಳೆಗಿಳೆ ಕೀಳ್ತಿದ್ದೆ."

ಒಂದೇ ಗೋಡೆಯ ಆಚೆ ಈಚೆ ಇಷ್ಟು ವರ್ಷ ಬಾಗಿಲು ಮುಚ್ಚಿಕೊಂಡು ಹೆಚ್ಚಿದವರು ಮುಖ ಮುಖ ನೋಡಿಕೊಂಡು, ಬಾಳೆಕಾಯಿ ಕಪ್ಪಾಗುವವರೆಗೂ ನಕ್ಕರು.

ಚನ್ನಬಸಮ್ಮನಿಗೆಂದು ಎರಡನೆಯ ಚಾಕುವನ್ನು ಸಿದ್ದರಾಜು ಒಂದೇ ಸಲಕ್ಕೆ ಸರಿಯಾಗಿ ಮಾಡಿದ. ಸುದ್ದಿ ಹೇಗೆ ಹರಡಿತೋ, ಅವನ ಕುಲುಮೆಗೆ ಹಿಂಬಾಗಿಲಿನಿಂದ ಜನ ಬರತೊಡಗಿದರು. ಎಲ್ಲರೂ ತಂಗಿಗಾಗಿ, ನಾದಿನಿಗಾಗಿ ಕೇಳುವವರೇ. ಮಠದ ಅಯ್ಯನವರೂ ಬಂದರು.

"ನಮ್ಮ ಮನೆಯವರಿಗೆ. ಹಿಡಿ ಸ್ವಲ್ಪ ದಪ್ಪ ಇರಲಿ, ಅವಳ ಕೈ ಹೆಚ್ಚುಕಮ್ಮಿ ನನ್ನ ಕೈಯಷ್ಟೇ ಇದೆ" ಎಂದರು.

ಸಿದ್ದರಾಜು ಅಯ್ಯನವರ ಎಡಗೈಯನ್ನು ಓರೆಗಣ್ಣಲ್ಲೇ ಅಳೆದ. ದಪ್ಪ ಹಿಡಿಯನ್ನೇ ಹಾಕಿಕೊಟ್ಟ.