ಓದದೆ ಕೊಟ್ಟ ಹೆಸರು

ದರ್ಜಿಯ ಕಾಲಿನ ಹೆಬ್ಬೆರಳ ಬುಡದಲ್ಲಾಗಿದ್ದ ಗಾಯ ಮಾಯುವ ಲಕ್ಷಣವೇ ಕಾಣಲಿಲ್ಲ. ಮೊದಲೇ ಸಕ್ಕರೆ ಕಾಯಿಲೆಯ ಕಾಲು, ಅದರ ಮೇಲೆ ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಕೆಲಸ. ತುಳಿಯುವುದನ್ನು ನಿಲ್ಲಿಸಿ, ಬಂದು ಗಾಯ ಸ್ವಚ್ಛ ಮಾಡಿಸಿಕೊಳ್ಳಿ ಎಂದು ಆಸ್ಪತ್ರೆಯ ನರ್ಸ್ ಹೇಳಿ ಹೇಳಿ ಸೋತಿದ್ದಳು. ದರ್ಜಿ ಹೋಗಲಿಲ್ಲ. ಅವರ ಹತ್ತಿರ ಮುಲಾಮಿನ ಡಬ್ಬಿ ಇತ್ತು.

ಮುಲಾಮಿಗಿಂತ ದೊಡ್ಡ ಧೈರ್ಯ ಗೋಡೆಯ ಮೇಲಿತ್ತು. ಅಂಗಡಿಯ ಕನ್ನಡಿಯ ಪಕ್ಕದಲ್ಲಿ, ಅಳತೆ ಕೊಡಲು ನಿಂತ ಗಿರಾಕಿಯ ಕಣ್ಣಿಗೆ ನೇರ ಬೀಳುವ ಹಾಗೆ, ಅಚ್ಚಾದ ಒಂದು ಹಾಳೆಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಸಂಶೋಧನಾ ಪತ್ರಿಕೆಯೊಂದರಲ್ಲಿ ಬಂದ ಲೇಖನದ ಮೊದಲ ಪುಟ ಅದು. ಈ ಮುಲಾಮು ಹಚ್ಚಿದರೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಬೇಗ ಮಾಯುತ್ತದೆ ಎಂದು ಅದರಲ್ಲಿತ್ತು. ಬರೆದವರ ಹೆಸರುಗಳಲ್ಲಿ ಕೊನೆಯದು ಸೊಸೆಯದು. ಅದರ ಕೆಳಗೆ ದರ್ಜಿ ಗಾಜಿನ ಮೇಲೇ ಕೆಂಪು ದಾರದ ಎಳೆಯೊಂದನ್ನು ಅಂಟಿಸಿದ್ದರು.

"ನನ್ನ ಸೊಸೆ ಫಾರ್ಮಸಿ ಕಾಲೇಜಲ್ಲಿ ಪಾಠ ಹೇಳ್ತಾಳೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. "ಕಂಡುಹಿಡಿದೋಳು ಮನೇಲೇ ಇರುವಾಗ ನಾನ್ಯಾಕೆ ಆಸ್ಪತ್ರೆ ಮೆಟ್ಟಿಲು ಹತ್ತಲಿ?"

ಆ ದಿನ ಬೆಳಿಗ್ಗೆ ಅವರು ಬಾಗಿಲ ಬಳಿ ಕೂತು ಚಪ್ಪಲಿ ಹಾಕಿಕೊಳ್ಳುವಾಗ ಕಾಲುಚೀಲದ ಮೇಲಿನ ಹಸಿ ಕಲೆ ಸೊಸೆಯ ಕಣ್ಣಿಗೆ ಬಿತ್ತು.

"ಮಾವ, ಸ್ವಲ್ಪ ಇರಿ. ಕಾಲುಚೀಲ ತೆಗೀರಿ ನೋಡೋಣ."

ತೆಗೆದ ಕೂಡಲೇ ವಾಸನೆ ಬಂತು. ಗಾಯದ ಅಂಚು ಬೆಳ್ಳಗಾಗಿತ್ತು, ನಡುವೆ ಕಪ್ಪು.

"ನೋಯುತ್ತಾ?"

"ಚೂರೂ ಇಲ್ಲ. ಮುಲಾಮು ಕೆಲಸ ಮಾಡ್ತಿದೆ ಅಂತಲೇ ಅಲ್ವಾ?"

ಸಕ್ಕರೆ ಕಾಯಿಲೆ ಕಾಲಿನ ನರಗಳ ಬಾಯಿ ಕಟ್ಟಿಬಿಟ್ಟರೆ ಗಾಯ ಸದ್ದಿಲ್ಲದೆ ಒಳಕ್ಕಿಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೋವಿಲ್ಲ ಎನ್ನುವುದೇ ಹೆದರಬೇಕಾದ ಮಾತು.

"ಇವತ್ತೇ ಆಸ್ಪತ್ರೆಗೆ ಹೋಗೋಣ ಮಾವ. ಆ ಮುಲಾಮು ಬಿಟ್ಟುಬಿಡಿ."

ದರ್ಜಿ ನಕ್ಕರು. "ಹಚ್ಚಿ ಅಂತ ಬರೆದೋಳೂ ನೀನೇ, ಬಿಡಿ ಅನ್ನೋಳೂ ನೀನೇ. ಯಾವುದನ್ನ ನಂಬಲಮ್ಮ? ನಾನಂತೂ ಅಚ್ಚಾಗಿರೋದನ್ನ ನಂಬ್ತೀನಿ." ಕಾಲುಚೀಲ ಏರಿಸಿಕೊಂಡು ಅಂಗಡಿಗೆ ಹೊರಟೇಬಿಟ್ಟರು.

ಆ ಲೇಖನವನ್ನು ಅವಳು ಪೂರ್ತಿ ಓದಿಯೇ ಇರಲಿಲ್ಲ.

ಅವಳ ವಿಭಾಗದಲ್ಲಿ ಹಾಗೊಂದು ರೂಢಿ ಬೆಳೆದುಬಂದಿತ್ತು. ಬಡ್ತಿ ಬೇಕೆಂದರೆ ಲೇಖನ ಬೇಕು. ಎಲ್ಲರಿಗೂ ಎಲ್ಲವನ್ನೂ ಬರೆಯಲಾಗದು. ಹಾಗಾಗಿ ನನ್ನದರಲ್ಲಿ ನಿನ್ನ ಹೆಸರು, ನಿನ್ನದರಲ್ಲಿ ನನ್ನ ಹೆಸರು. ಯಾರೂ ಇದನ್ನು ಕಳ್ಳತನ ಎಂದುಕೊಂಡಿರಲಿಲ್ಲ, ಒಬ್ಬರಿಗೊಬ್ಬರು ಆಗುವುದು ಎಂದುಕೊಂಡಿದ್ದರು. ಎಲ್ಲರೂ ಸೀನಿಯರ್ ಎಂದೇ ಕರೆಯುವ ಹಿರಿಯ ಮೇಷ್ಟರು ಒಂದು ದಿನ ತಮ್ಮ ಲೇಖನ ತಂದು, "ಭಾಷೆ ಸ್ವಲ್ಪ ನೋಡು, ನಿನ್ನ ಹೆಸರೂ ಸೇರಿಸ್ತೀನಿ," ಎಂದಿದ್ದರು. ಅವಳು ಮೊದಲ ಪುಟದ ನಾಲ್ಕಾರು ವಾಕ್ಯ ತಿದ್ದಿದಳು. ಆಮೇಲೆ ಪತ್ರಿಕೆಯಿಂದ ಅವಳ ಮೊಬೈಲಿಗೆ ಒಂದು ಪ್ರಶ್ನೆ ಬಂತು: ಪೂರ್ತಿ ಓದಿದ್ದೀರಾ? ಇದರಲ್ಲಿರುವುದಕ್ಕೆ ನೀವೂ ಹೊಣೆಯೇ? ಒಂದು ತರಗತಿಯಿಂದ ಇನ್ನೊಂದಕ್ಕೆ ಓಡುತ್ತಿದ್ದವಳು ಹೌದು ಎಂದು ಒತ್ತಿದಳು. ಅಷ್ಟೇ ಅವಳು ಮಾಡಿದ ಸಂಶೋಧನೆ. ಸೀನಿಯರ್ ಸಂತೋಷಕ್ಕೆ ಕೊಟ್ಟ ಮುಲಾಮಿನ ಡಬ್ಬಿಗಳನ್ನು ಮನೆಗೆ ತಂದು ಕಪಾಟಿನಲ್ಲಿಟ್ಟವಳೂ ಅವಳೇ.

ಕಾಲೇಜಿಗೆ ಹೋದರೆ ಅಲ್ಲಿ ಇನ್ನೊಂದು ಕಾದಿತ್ತು. ಪತ್ರಿಕೆಯ ಸಂಪಾದಕರಿಂದ ಪತ್ರ. ಲೇಖನದಲ್ಲಿ ಇಬ್ಬರು ರೋಗಿಗಳದೆಂದು ತೋರಿಸಿರುವ ಎರಡು ಕಾಲುಗಳು ಒಂದೇ ಕಾಲಿನ ಚಿತ್ರ, ಒಂದನ್ನು ಎಡಬಲ ತಿರುಗಿಸಲಾಗಿದೆ ಎಂದು ಓದುಗರೊಬ್ಬರು ತಿಳಿಸಿದ್ದಾರಂತೆ. ಮೂಲ ದಾಖಲೆಗಳ ಸಮೇತ ಲೇಖಕರೆಲ್ಲರೂ ಉತ್ತರ ಕೊಡಬೇಕಂತೆ, ಇವತ್ತೇ ಕೊನೆಯ ದಿನವಂತೆ. ಇದಕ್ಕೂ ಮುಂಚೆ ಒಂದು ಪತ್ರ ಸೀನಿಯರ್ ಒಬ್ಬರಿಗೇ ಬಂದಿತ್ತು, ಅವರು ಬಾಯಿ ಬಿಟ್ಟಿರಲಿಲ್ಲ.

ಅವಳು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ತಿರುಗಿಸಿದಳು. ಹಿಮ್ಮಡಿ ಹತ್ತಿರ ಅದೇ ಮಚ್ಚೆ. ಕಿರುಬೆರಳಲ್ಲಿ ಅದೇ ಸೊಟ್ಟ ಉಗುರು.

ಸೀನಿಯರ್ ತಮ್ಮ ಕೋಣೆಯ ಬಾಗಿಲು ಮುಚ್ಚಿದ ಮೇಲೇ ಮಾತಾಡಿದರು. "ಗಾಬರಿ ಆಗಬೇಡ. ಚಿತ್ರ ಅದಲುಬದಲಾಗಿದೆ, ಅಷ್ಟೇ. ಉತ್ತರ ನಾನೇ ಬರೆದಿಟ್ಟಿದ್ದೀನಿ. ನೀನು ಒಪ್ಪಿಗೆ ಕಳಿಸಿದರೆ ಸಾಕು."

ಉತ್ತರದಲ್ಲಿ ಒಂದು ಸಾಲಿತ್ತು: ಮೂಲ ದಾಖಲೆಗಳನ್ನು ನಾವೆಲ್ಲರೂ ಪರಿಶೀಲಿಸಿದ್ದೇವೆ.

"ದಾಖಲೆ ಎಲ್ಲಿದೆ ಸರ್?"

"ಹಳೇ ಕಂಪ್ಯೂಟರ್ ಕೆಟ್ಟುಹೋಯ್ತಲ್ಲ."

"ರೋಗಿಗಳಾದರೂ ಇದ್ದರಾ?"

ಸೀನಿಯರ್ ಮೇಜಿನ ಮೇಲಿನ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು. "ಇದ್ದರು. ಅರ್ಧಕ್ಕರ್ಧ ಜನ ನಡುವೆ ಬಿಟ್ಟುಹೋದರು. ಬಂದವರದ್ದನ್ನ ನೋಡಿ ಉಳಿದದ್ದು ತುಂಬಿಸಿದೆ. ಮುಲಾಮು ತಿಂದು ಯಾರಾದರೂ ಸಾಯ್ತಾರೇನು? ಮೇಲೆ ಹಚ್ಚೋದು ತಾನೇ."

ಅವಳಿಗೆ ಬೆಳಿಗ್ಗೆಯ ವಾಸನೆ ನೆನಪಾಯಿತು.

"ನಿನ್ನ ಬಡ್ತಿ ಅರ್ಜಿಯಲ್ಲೂ ಈ ಲೇಖನ ಇದೆ," ಎಂದರು ಸೀನಿಯರ್, ದನಿ ತಗ್ಗಿಸಿ. "ಒಂದೇ ದೋಣೀಲಿ ಕೂತಿದ್ದೀವಿ. ತೂತು ಕೊರೆಯೋಕೆ ಹೋಗಬೇಡ. ಸಂಜೆಯೊಳಗೆ ಕಳಿಸು."

ಅವಳು ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಮೆಟ್ಟಿಲ ಮೇಲೆ ಮೇಲಿನ ಮನೆಯ ಅಕ್ಕ ಒಣಗಿದ ಬಟ್ಟೆ ಹೊತ್ತುಕೊಂಡು ಇಳಿಯುತ್ತಿದ್ದಳು. ಅಕ್ಕ ಬೇರೊಂದು ಸಂಶೋಧನಾ ಪತ್ರಿಕೆಗೆ ಎಷ್ಟೋ ವರ್ಷದಿಂದ ಸಂಪಾದಕಿ. ಇವಳ ಮುಖ ನೋಡಿ ಬಟ್ಟೆಯ ಗಂಟನ್ನು ಅಲ್ಲೇ ಇಳಿಸಿದಳು. ಇವಳು ಎಲ್ಲವನ್ನೂ ಹೇಳಿಕೊಂಡಳು.

"ನನ್ನ ಹೆಸರೊಂದನ್ನ ಸದ್ದಿಲ್ಲದೆ ತೆಗೆಸಿಬಿಡೋಕೆ ಆಗುತ್ತಾ ಅಕ್ಕ?"

"ಹೆಸರು ಹೋಗುತ್ತೆ. ಮುಲಾಮು ಉಳಿಯುತ್ತಲ್ಲ."

"ಎಲ್ಲರೂ ಹೀಗೇ ಹೆಸರು ಹಾಕ್ಕೊಳ್ತಾರೆ. ನಾನೊಬ್ಬಳೇ ಪಾಪಿನಾ?"

"ಹುಟ್ಟುಹಬ್ಬದ ಕಾರ್ಡಿಗೆ ಎಲ್ಲರೂ ಸೇರಿ ಸಹಿ ಹಾಕೋ ಹಾಗಲ್ಲ ಕಣೇ ಇದು. ಕೆಲಸದಲ್ಲಿ ನಿನ್ನ ಕೈ ಇರಬೇಕು. ಕೊನೇ ಸಾಲಿನ ತನಕ ಓದಿ ಒಪ್ಪಿರಬೇಕು. ನಾಳೆ ಯಾರಾದರೂ ಎದ್ದು ಕೇಳಿದರೆ ಉತ್ತರ ಹೇಳೋಕೆ ನಿಲ್ಲಬೇಕು. ಇಷ್ಟೂ ಇದ್ದರೆ ಹೆಸರು. ಭಾಷೆ ತಿದ್ದಿಕೊಟ್ಟಿದ್ದಕ್ಕೆ ಕೊನೇಲಿ ಒಂದು ಧನ್ಯವಾದ ಸಾಕಿತ್ತು."

"ಅಚ್ಚು ಹಾಕೋ ಮೊದಲು ಪರೀಕ್ಷೆ ಮಾಡೋರು ಇರ್ತಾರಲ್ಲ? ಅವರು ಹಿಡೀಬೇಕಿತ್ತು."

"ಅವರು ನೀವು ಕಳಿಸಿದ್ದನ್ನ ಓದ್ತಾರೆ. ರೋಗಿಯ ಕಾಲು ಮೂಸಿ ನೋಡೋಕೆ ಬರ್ತಾರಾ? ನೀವು ನಿಜ ಬರೆದಿದ್ದೀರಿ ಅನ್ನೋ ನಂಬಿಕೆ ಮೇಲೇ ಇದೆಲ್ಲ ನಿಂತಿರೋದು."

"ಈಗೇನು ಮಾಡಲಿ?"

"ಇದ್ದದ್ದನ್ನ ಇದ್ದ ಹಾಗೆ ಸಂಪಾದಕರಿಗೆ ಬರಿ. ಕಾಲೇಜಿಗೂ ಒಂದು ಪ್ರತಿ ಕೊಡು. ವಿಚಾರಣೆ ಆಗುತ್ತೆ. ತಪ್ಪು ಅಂತ ಆದರೆ ಲೇಖನ ಹಿಂದಕ್ಕೆ ತಗೊಳ್ತಾರೆ. ಅಳಿಸಿಹಾಕಲ್ಲ. ಇದನ್ನ ನಂಬಬೇಡಿ, ಇಂಥ ಕಾರಣಕ್ಕೆ ಅಂತ ಅದರ ಹಣೆ ಮೇಲೇ ಬರೀತಾರೆ, ಓದಿದವರಿಗೆಲ್ಲ ಗೊತ್ತಾಗಲಿ ಅಂತ."

"ನನ್ನ ಬಡ್ತಿ?"

ಅಕ್ಕ ಬಟ್ಟೆ ಎತ್ತಿಕೊಂಡಳು. "ಹೋಗಬಹುದು. ಸುಮ್ಮನೆ ಸಮಾಧಾನ ಹೇಳಲ್ಲ ನಿನಗೆ. ಮೊದಲು ನಿಮ್ಮ ಮಾವನ ಕಾಲು ನೋಡು ಹೋಗು."

ಅಂಗಡಿಯಲ್ಲಿ ಯಂತ್ರ ಕಟಕಟ ಓಡುತ್ತಿತ್ತು. ಸ್ಟೂಲಿನ ಮೇಲೆ ಪಕ್ಕದ ಗಡಿಯಾರ ರಿಪೇರಿಯವರು ಒಂದು ಚಪ್ಪಲಿ ಬಿಚ್ಚಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರಿಗೂ ಅದೇ ಕಾಯಿಲೆ. ಹಿಮ್ಮಡಿಯಲ್ಲಿ ಹೊಸದಾಗಿ ಒಡೆದ ಬೊಕ್ಕೆ. ಕೈಯಲ್ಲಿ ಅದೇ ಡಬ್ಬಿ, ಬೆರಳ ತುದಿಯಲ್ಲಿ ಮುಲಾಮು.

"ಬಾಮ್ಮ," ಎಂದರು ದರ್ಜಿ ಹಿಗ್ಗಿನಿಂದ. "ಎಷ್ಟು ಹಚ್ಚಬೇಕು ಅಂತ ನೀನೇ ಹೇಳು ಇವರಿಗೆ. ನಾಳೆ ಆಸ್ಪತ್ರೆಗೆ ಹೋಗೋರಿದ್ದರು, ಬೇಡ ಅಂದೆ."

"ಹಚ್ಚಬೇಡಿ."

ಅವಳ ದನಿ ಅವಳಿಗೇ ಒರಟಾಗಿ ಕೇಳಿಸಿತು. ಗಡಿಯಾರದವರ ಬೆರಳು ಅಲ್ಲೇ ನಿಂತಿತು.

"ಆ ಹಾಳೆಯಲ್ಲಿರೋದು ಸುಳ್ಳು ಮಾವ. ಒಂದೇ ಕಾಲಿನ ಚಿತ್ರ ಎರಡು ಸಲ ಹಾಕಿದ್ದಾರೆ. ಬಾರದ ರೋಗಿಗಳನ್ನೂ ವಾಸಿಯಾದರು ಅಂತ ಸೇರಿಸಿದ್ದಾರೆ."

ಯಂತ್ರ ನಿಂತಿತು. "ಹಾಗಾದರೆ ಅದರಲ್ಲಿರೋ ನಿನ್ನ ಹೆಸರು?"

"ಹೆಸರು ನನ್ನದೇ. ಕೆಲಸ ನನ್ನದಲ್ಲ. ನಾನು ಅದನ್ನ ಓದಿಯೂ ಇರಲಿಲ್ಲ."

ದರ್ಜಿ ಚೌಕಟ್ಟಿನ ಕಡೆ ನೋಡಿದರು. ಆಮೇಲೆ ಸೊಸೆಯನ್ನು ನೋಡಲಿಲ್ಲ, ಗಡಿಯಾರದವರನ್ನು ನೋಡಿದರು. ಅವರು ಬೆರಳಿನ ಮುಲಾಮನ್ನು ಡಬ್ಬಿಯ ಅಂಚಿಗೆ ಒರೆಸಿ ಮುಚ್ಚಳ ಹಾಕುತ್ತಿದ್ದರು.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಸೀನಿಯರ್. ಅವಳು ಅವರಿಬ್ಬರ ಎದುರಿಗೇ ಎತ್ತಿದಳು.

"ಕಳಿಸಿದೆಯಾ?"

"ಇಲ್ಲ ಸರ್. ದಾಖಲೆ ನಾನು ನೋಡಿಲ್ಲ ಅಂತಲೇ ಬರೀತೀನಿ. ನೀವು ಹೇಳಿದ್ದನ್ನೂ ಬರೀತೀನಿ. ನನಗಿಂತ ಮುಂಚೆ ನೀವೇ ಬರೆದರೆ ಒಳ್ಳೇದು."

"ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ತಿದ್ದೀಯ."

"ಕಲ್ಲು ಆಗಲೇ ಬಿದ್ದಿದೆ ಸರ್. ನಮ್ಮ ಮಾವನ ಕಾಲ ಮೇಲೆ." ಅವಳು ಫೋನು ಇಟ್ಟಳು.

ದರ್ಜಿ ಯಂತ್ರದ ಮೇಲೆ ಕೈಯೂರಿ ಎದ್ದರು. "ನೀನು ಹೇಳಿದ್ದಕ್ಕೆ ಇವರು ಹಚ್ಚಲಿಲ್ಲ, ಸರಿ. ಬೇರೆ ಊರಲ್ಲಿ ಇದನ್ನ ಓದಿ ಹಚ್ಚುತ್ತಿರೋರಿಗೆ ಯಾರು ಹೇಳ್ತಾರೆ?"

"ಅದಕ್ಕೇ ಬರೀತೀನಿ ಮಾವ."

"ಬರಿ. ಮೊದಲು ನಡಿ, ಹೋಗೋಣ." ಗಡಿಯಾರದವರ ಕಡೆ ತಿರುಗಿ, "ಏಳಿ, ನೀವೂ ಬನ್ನಿ. ನಿಮ್ಮನ್ನ ತಡೆದೋನೇ ಕರ್ಕೊಂಡು ಹೋಗ್ತಾನೆ," ಎಂದರು.

ಆಸ್ಪತ್ರೆಯಲ್ಲಿ ನೋಡಿದಾಗ ಗಡಿಯಾರದವರ ಗಾಯ ಮೇಲ್ಮೇಲಿನದಾಗಿತ್ತು, ಸ್ವಚ್ಛ ಮಾಡಿ ಪಟ್ಟಿ ಕಟ್ಟಿ ಕಳಿಸಿದರು. ದರ್ಜಿಯದು ಮೂಳೆ ಮುಟ್ಟಿತ್ತು. ಅವಳು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲೇ ಸಂಪಾದಕರಿಗೆ ಪತ್ರ ಬರೆದಳು. ತಾನು ಮಾಡಿದ್ದೇನು, ಮಾಡದೇ ಇದ್ದದ್ದೇನು, ಸೀನಿಯರ್ ಒಪ್ಪಿಕೊಂಡದ್ದೇನು, ಎಲ್ಲವನ್ನೂ. ಈ ಸಲ ಕಳಿಸುವ ಮೊದಲು ಪ್ರತಿ ಸಾಲನ್ನೂ ಓದಿದಳು.

ಹೆಬ್ಬೆರಳು ಉಳಿಯಲಿಲ್ಲ. ಪಾದ ಉಳಿಯಿತು.

ವಿಚಾರಣೆ ನಡೆಯಿತು. ಅವಳ ಬಡ್ತಿ ನಿಂತಿತು. ಸೀನಿಯರ್ ಎದುರಾದರೆ ಮುಖ ತಿರುಗಿಸುತ್ತಿದ್ದರು, ಅವರ ಜೊತೆಗಿನ ಕೆಲವರು ಇವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಆದರೆ ಯಾರು ಏನು ಕೆಲಸ ಮಾಡಿದರು ಎಂದು ಬರೆದುಕೊಡದೆ ಲೇಖನಕ್ಕೆ ಹೆಸರು ಸೇರಿಸುವಂತಿಲ್ಲ ಎಂದು ಕಾಲೇಜು ನಿಯಮ ಮಾಡಿತು. ಕೊನೆಗೊಂದು ದಿನ ಪತ್ರಿಕೆಯ ಪ್ರಕಟಣೆಯೂ ಬಂತು: ಲೇಖಕಿಯೊಬ್ಬರು ತಾವಾಗಿ ತಿಳಿಸಿದ ವಿಷಯದ ಮೇಲೆ ವಿಚಾರಣೆ ನಡೆಸಿ ಈ ಲೇಖನವನ್ನು ಹಿಂದಕ್ಕೆ ಪಡೆಯಲಾಗಿದೆ, ಇದನ್ನು ನಂಬಿ ಚಿಕಿತ್ಸೆ ಮಾಡಬಾರದು. ಕೆಳಗೆ ಅವಳ ಪತ್ರವನ್ನೂ ಹೆಸರಿನ ಸಮೇತ ಅಚ್ಚು ಹಾಕಿದ್ದರು.

ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡು ದರ್ಜಿ ಅಂಗಡಿಗೆ ಮರಳಿದ್ದರು. ಹಳೆಯ ಚೌಕಟ್ಟನ್ನು ಅವಳು ತೆಗೆಯಲು ಹೋದರೆ ಬಿಡಲಿಲ್ಲ. "ಅದನ್ನ ಓದಿದವರು ಇದನ್ನೂ ಓದಲಿ," ಎಂದು ಪ್ರಕಟಣೆಗೂ ಚೌಕಟ್ಟು ಹಾಕಿಸಿ ಅದರ ಪಕ್ಕದಲ್ಲೇ ತೂಗುಹಾಕಿದರು. ಹಳೆಯ ಗಾಜಿನಿಂದ ಕೆಂಪು ದಾರವನ್ನು ಉಗುರಿನಿಂದ ಎಬ್ಬಿಸಿ, ಹೊಸದರಲ್ಲಿ ಸೊಸೆಯ ಹೆಸರಿನ ಕೆಳಗೆ ಅಂಟಿಸಿದರು.

ಅಳತೆ ಕೊಡಲು ನಿಂತ ಗಿರಾಕಿಯೊಬ್ಬ ಕೇಳಿದ. "ಇದೇನು, ಇನ್ನೊಂದು ಬರೆದರಾ ನಿಮ್ಮ ಸೊಸೆ?"

"ಇನ್ನೊಂದಲ್ಲ," ಎಂದರು ದರ್ಜಿ, ಟೇಪನ್ನು ಅವನ ಭುಜಕ್ಕೆ ಹಿಡಿಯುತ್ತ. "ಅವಳು ಬರೆದದ್ದು ಇದೊಂದೇ."

ಪಾಠ ಹೇಳುವವರೇ, ಸಂಶೋಧನೆ ಮಾಡುವವರೇ, ನಿಮ್ಮ ಲೇಖನವನ್ನು ಓದಿ ಯಾರೋ ಒಬ್ಬರು ತಮ್ಮ ಕಾಲನ್ನು ನಿಮ್ಮ ಕೈಗೆ ಕೊಡುತ್ತಾರೆ. ಅವರ ಮುಖ ನೀವು ನೋಡಿರುವುದಿಲ್ಲ. ನೀವು ಮಾಡದ ಕೆಲಸಕ್ಕೆ ಹೆಸರು ಕೊಡಬೇಡಿ, ಮಾಡದವರ ಹೆಸರನ್ನು ಸ್ನೇಹಕ್ಕೋ ಭಯಕ್ಕೋ ಸೇರಿಸಬೇಡಿ. ಬಾರದ ಫಲಿತಾಂಶವನ್ನು ಬಂದಂತೆ ತುಂಬಬೇಡಿ, ಮೂಲ ದಾಖಲೆಗಳನ್ನು ಕಾಪಾಡಿ ಇಟ್ಟುಕೊಳ್ಳಿ. ತಪ್ಪು ಆಗಿಹೋಗಿದ್ದರೆ ಪತ್ರಿಕೆಗೆ ಇಂದೇ ಬರೆಯಿರಿ. ಓದುವ ನಾವೂ ಅಷ್ಟೇ: ಅಚ್ಚಾಗಿದೆ ಎಂದ ಮಾತ್ರಕ್ಕೆ ಗಾಯಕ್ಕೆ ಹಚ್ಚುವುದು ಬೇಡ, ಮೊದಲು ವೈದ್ಯರಿಗೆ ತೋರಿಸೋಣ. ಹೌದು ಎಂದು ಒತ್ತುವ ಮುನ್ನ ಒಮ್ಮೆ ಪೂರ್ತಿ ಓದಿ.